ತುಟಿಯ ಹರ್ಪಿಸ್ ಉಳಿದ ಮೈಗೆ ಲಸಿಕೆಯಾ?

ನನ್ನ ತುಟಿಯ ಎಡ ಮೂಲೆಯಲ್ಲಿ ಒಂದು ಜಾಗವಿದೆ. ಜ್ವರ ಬಂದರೆ, ಎರಡು ರಾತ್ರಿ ನಿದ್ದೆಗೆಟ್ಟರೆ, ಬಿಸಿಲಲ್ಲಿ ಜಾಸ್ತಿ ಅಲೆದರೆ ಅಲ್ಲಿ ಚುರುಚುರು ಶುರುವಾಗುತ್ತದೆ. ಅರ್ಧ ದಿನದಲ್ಲಿ ಕೆಂಪಾಗುತ್ತದೆ. ಮಾರನೇ ದಿನ ಗುಂಡುಸೂಜಿಯ ತಲೆಯಷ್ಟು ದಪ್ಪದ ನಾಲ್ಕೈದು ಗುಳ್ಳೆ, ಒಳಗೆ ತಿಳಿನೀರು. ಒಡೆದ ಮೇಲೆ ಜೇನುಬಣ್ಣದ ಹಕ್ಕಳೆ ಕಟ್ಟುತ್ತದೆ. ಹತ್ತು ದಿನ ಕಳೆದರೆ ಗುರುತೂ ಇಲ್ಲ. ಇಪ್ಪತ್ತು ವರ್ಷದಿಂದ ಇದೇ ಕತೆ. ಒಂದು ಸಲವೂ ಅದು ಬಲ ಮೂಲೆಗೆ ಹೋಗಿಲ್ಲ.

ಈ ಗುಳ್ಳೆಯ ಬಗ್ಗೆ ಎರಡು ಮಾತು ಓಡಾಡುತ್ತವೆ. ಒಂದು: ಮುಟ್ಟಿದ ಕೈಯಲ್ಲೇ ಬೇರೆ ಕಡೆ ಮುಟ್ಟಿದರೆ ಮೈಯೆಲ್ಲಾ ಹಬ್ಬುತ್ತದೆ. ಇನ್ನೊಂದು: ತುಟಿಗೆ ಬಂದಿದೆ ಅಂದರೆ ಲಸಿಕೆ ಹಾಕಿಸಿಕೊಂಡ ಹಾಗೆ, ಇನ್ನು ಬೇರೆಲ್ಲೂ, ಜನನಾಂಗಕ್ಕೂ, ಹರ್ಪಿಸ್ ಬರುವುದಿಲ್ಲ. ಒಂದಕ್ಕೊಂದು ತದ್ವಿರುದ್ಧ, ಅಲ್ವಾ? ಆದರೂ ಇವೆರಡನ್ನೂ ಒಬ್ಬರೇ, ಒಂದೇ ಸಂಜೆ, ಅಷ್ಟೇ ವಿಶ್ವಾಸದಿಂದ ಹೇಳಿದ್ದನ್ನು ನಾನು ಕೇಳಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಾತಾಡುತ್ತಿರುವುದು ಈ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ ಬಗ್ಗೆ. ಸರ್ಪಸುತ್ತು ಅದರ ಸಂಬಂಧಿಕ ವೈರಸ್ಸಿನ ಕೆಲಸ, ಅದೇ ಅಲ್ಲ. ಕೆನ್ನೆಯ ಒಳಗೆ ಆಗಾಗ ಏಳುವ ಬಿಳಿ ಹುಣ್ಣಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧ ಇಲ್ಲ. ಸಿಂಪ್ಲೆಕ್ಸ್‌ನಲ್ಲಿ ಟೈಪ್ 1 ಮತ್ತು ಟೈಪ್ 2 ಎಂದು ಎರಡು ಬಗೆ. ತುಟಿಯದ್ದು ಹೆಚ್ಚಾಗಿ ಟೈಪ್ 1, ಟೈಪ್ 2 ಹೆಚ್ಚಾಗಿ ಜನನಾಂಗದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಟೈಪ್ 1 ಇದೆ. ಬಹಳಷ್ಟು ಜನಕ್ಕೆ ಅದು ಗೊತ್ತೇ ಇಲ್ಲ.

ಎಡ ಮೂಲೆಗೆ ಬರೋಣ. ಗುಳ್ಳೆ ಯಾಕೆ ಅಲ್ಲೇ ಏಳುತ್ತದೆ? ಯಾಕೆಂದರೆ ವೈರಸ್ ವಾಸ ಮಾಡುವುದು ತುಟಿಯಲ್ಲಿ ಅಲ್ಲವೇ ಅಲ್ಲ. ಮೊದಲ ಸಲ, ಹೆಚ್ಚಾಗಿ ಚಿಕ್ಕಂದಿನಲ್ಲಿ ಯಾರದ್ದೋ ಮುತ್ತಿನಿಂದ, ಅದು ತುಟಿಯ ಚರ್ಮಕ್ಕೆ ಬಂದಿಳಿಯುತ್ತದೆ. ಅಲ್ಲಿಂದ ನರದ ತುದಿಯೊಳಗೆ ನುಸುಳಿ, ಆ ನರದಲ್ಲೇ ಹಿಂದಕ್ಕೆ ಸಾಗಿ, ತಲೆಬುರುಡೆಯ ತಳದಲ್ಲಿ ಕಿವಿಯ ಹತ್ತಿರ ಇರುವ ಒಂದು ನರಗಂಟನ್ನು ಸೇರುತ್ತದೆ. ಜನನಾಂಗದಲ್ಲಿ ಇಳಿದದ್ದಾದರೆ ಬೆನ್ನುಹುರಿಯ ಕೆಳತುದಿಯ ನರಗಂಟುಗಳಿಗೆ ಹೋಗುತ್ತದೆ. ಅಲ್ಲಿ ನರಕೋಶದೊಳಗೆ ಸುಮ್ನೆ ಬಿದ್ದಿರುತ್ತದೆ. ಹೊಸ ವೈರಸ್ ಕಣ ಕಟ್ಟುವುದಿಲ್ಲ, ಕೋಶವನ್ನು ಒಡೆಯುವುದೂ ಇಲ್ಲ.

ನೆಲದಡಿಯ ಗೆಡ್ಡೆಯನ್ನು ನೆನಪಿಸಿಕೊಳ್ಳಿ. ಬೇಸಗೆಯಲ್ಲಿ ಮೇಲೆ ಏನೂ ಕಾಣುವುದಿಲ್ಲ. ಮೊದಲ ಮಳೆ ಬಿದ್ದ ವಾರಕ್ಕೆ ಹೋದ ವರ್ಷ ಚಿಗುರಿದ್ದ ಕಡೆಯೇ ಚಿಗುರು. ಇಲ್ಲಿ ಮಳೆ ಅಂದರೆ ಜ್ವರ, ಬಿಸಿಲು, ದಣಿವು. ಆದರೆ ಈ ಹೋಲಿಕೆ ಒಂದು ಕಡೆ ಸೋಲುತ್ತದೆ. ಗೆಡ್ಡೆ ಅಕ್ಕಪಕ್ಕ ಮರಿ ಹಾಕಿ ಹಬ್ಬುತ್ತದೆ. ಇದು ಹಾಗಲ್ಲ. ಒಂದೇ ಒಂದು ನರಕೋಶದ ಮೈ ನರಗಂಟಿನಲ್ಲಿದ್ದು, ಅದರ ಎಳೆ ತುಟಿಯವರೆಗೂ ಚಾಚಿಕೊಂಡಿರುತ್ತದೆ. ವೈರಸ್ ಆ ಎಳೆಯಲ್ಲೇ ಇಳಿದುಬರಬೇಕು. ಕೊಳಾಯಿ ಎಲ್ಲಿ ತೆರೆಯುತ್ತದೋ ನೀರು ಅಲ್ಲೇ ತಾನೇ ಬೀಳುವುದು?

ಇದನ್ನು ಕಂಡುಹಿಡಿದ ಕತೆ ಚೆನ್ನಾಗಿದೆ, ಸ್ವಲ್ಪ ದಾರಿ ತಪ್ಪುತ್ತೇನೆ. ಮುಖದ ನರದ ವಿಪರೀತ ನೋವಿಗೆ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಆಪರೇಷನ್ ಮಾಡುತ್ತಿದ್ದ. ಆಪರೇಷನ್ ಆದ ಕೆಲವೇ ದಿನಕ್ಕೆ ರೋಗಿಗಳ ತುಟಿಯ ಸುತ್ತ ಗುಳ್ಳೆ ಏಳುವುದನ್ನು ಅವನು 1905ರ ಹೊತ್ತಿಗೇ ಬರೆದಿಟ್ಟ. ಕತ್ತಿ ಆಡಿಸಿದ್ದು ತಲೆಬುರುಡೆಯೊಳಗೆ, ಗುಳ್ಳೆ ಎದ್ದಿದ್ದು ತುಟಿಯಲ್ಲಿ! 1929ರಲ್ಲಿ ಅರ್ನೆಸ್ಟ್ ಗುಡ್‌ಪಾಶ್ಚರ್ ಎಂಬ ರೋಗಶಾಸ್ತ್ರಜ್ಞ, ವೈರಸ್ ನರಗಂಟಿನಲ್ಲೇ ಅಡಗಿರಬೇಕು ಎಂದು ವಾದಿಸಿದ. ಅದನ್ನು ಹಿಡಿದು ತೋರಿಸಲು 1971 ಬರಬೇಕಾಯಿತು. ಜ್ಯಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಇಲಿಗಳ ಪಾದಕ್ಕೆ ಸೋಂಕು ತಗುಲಿಸಿದರು. ಪಾದ ವಾಸಿಯಾಗಿ ಎಷ್ಟೋ ದಿನ ಕಳೆದ ಮೇಲೆ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆದು ಬೇರೆ ಕೋಶಗಳ ಜೊತೆ ಬೆಳೆಸಿದರು. ಮಲಗಿದ್ದ ವೈರಸ್ ಎದ್ದು ಬಂತು.

ಸರಿ, ಒಳಗಿನಿಂದ ಬರುವುದು ಒಂದೇ ದಾರಿಯಲ್ಲಿ. ಆದರೆ ಗುಳ್ಳೆಯ ನೀರಿನಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ಬೆರಳು ತಾಗುತ್ತದೆ, ಆ ಬೆರಳು ಕಣ್ಣು, ಮೂಗು, ಎಲ್ಲೆಲ್ಲೋ ತಾಗುತ್ತದೆ. ಇಪ್ಪತ್ತು ವರ್ಷದಲ್ಲಿ ನಾನೇ ಎಷ್ಟು ಸಾವಿರ ಸಲ ಹಾಗೆ ಮಾಡಿರಬೇಡ! ಆದರೂ ಹೊಸ ಜಾಗದಲ್ಲಿ ಬೇರು ಬಿಟ್ಟಿಲ್ಲ. ಯಾಕೆಂದರೆ ಮೊದಲ ಸೋಂಕಾದ ಕೆಲವು ವಾರಗಳಲ್ಲಿ ದೇಹ ಈ ವೈರಸ್ಸನ್ನು ಗುರುತು ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನೂ ಟಿ ಕೋಶಗಳೆಂಬ ಕಾವಲು ಕೋಶಗಳನ್ನೂ ಸಿದ್ಧ ಮಾಡಿಕೊಂಡಿರುತ್ತದೆ. ಬೆರಳಿನಿಂದ ಬಂದ ನಾಲ್ಕು ಕಣಗಳನ್ನು ಅವು ಸಾಮಾನ್ಯವಾಗಿ ಮುಗಿಸಿಬಿಡುತ್ತವೆ.

ಹಾಗಾದರೆ ಅವೇ ಪ್ರತಿಕಾಯಗಳು ತುಟಿಯ ಗುಳ್ಳೆಯನ್ನು ಯಾಕೆ ತಡೆಯುವುದಿಲ್ಲ? ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಪ್ರಶ್ನೆ ಇದು. ಕೋಟೆಯ ಹೆಬ್ಬಾಗಿಲಿನಲ್ಲಿ ಕಾವಲು ಎಷ್ಟೇ ಬಿಗಿಯಿರಲಿ, ಸುರಂಗದಲ್ಲಿ ಬಂದು ಅಂಗಳದ ನಡುವೆ ಏಳುವವನಿಗೆ ಅದರ ಚಿಂತೆಯಿಲ್ಲ. ನರದ ಎಳೆ ಆ ಸುರಂಗ. ಅಂಗಳಕ್ಕೆ ಬಂದ ಮೇಲೂ ವೈರಸ್ ಬಯಲಿಗೆ ಬೀಳದೆ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ನೇರವಾಗಿ ದಾಟಬಲ್ಲದು. ಇನ್ನೂ ಒಂದು ಕಳ್ಳಾಟ ಇದೆ. ಪ್ರತಿಕಾಯ ನೋಡಲು ಕವೆಗೋಲಿನ ಹಾಗೆ. ಎರಡು ಕವಲು ವೈರಸ್ಸನ್ನು ಹಿಡಿಯುತ್ತವೆ, ಕೆಳಗಿನ ಹಿಡಿಕೆ ಉಳಿದ ಕಾವಲಿನವರನ್ನು ಕರೆಯುತ್ತದೆ. ಈ ವೈರಸ್ ತನ್ನ ಮೈಮೇಲೆ ಬೆಳೆಸಿಕೊಂಡ ಒಂದು ಜೋಡಿ ಪ್ರೋಟೀನಿನಿಂದ ಆ ಹಿಡಿಕೆಯನ್ನೇ ಅಮುಕಿ ಹಿಡಿದುಬಿಡುತ್ತದೆ. ಕೋಲು ಇದೆ, ಕೂಗು ಇಲ್ಲ! ಈ ಆಟ ಎಲ್ಲವನ್ನೂ ಗೆಲ್ಲಿಸುವುದಿಲ್ಲ, ಆದರೆ ಗುಳ್ಳೆ ಏಳುವಷ್ಟು ಸಮಯ ಕೊಡುತ್ತದೆ.

ಹಾಗಂತ ಮುಟ್ಟಬೇಡಿ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಸೋಂಕಿನ ವಾರಗಳಲ್ಲಿ ಪ್ರತಿಕಾಯ ಇನ್ನೂ ತಯಾರಾಗಿರುವುದಿಲ್ಲ. ಆಗ ಬಾಯಿತುಂಬ ಹುಣ್ಣಾದ ಮಗು ಹೆಬ್ಬೆರಳು ಚೀಪಿದರೆ ಬೆರಳಿಗೂ ಹತ್ತಿಕೊಳ್ಳುತ್ತದೆ. ಗ್ಲೌಸ್ ಹಾಕುವ ರೂಢಿ ಬರುವ ಮೊದಲು ಹಲ್ಲಿನ ಡಾಕ್ಟರುಗಳಿಗೂ ನರ್ಸುಗಳಿಗೂ ರೋಗಿಗಳ ಬಾಯಿಂದ ಬೆರಳ ತುದಿಗೆ ಇದೇ ವೈರಸ್ ಅಂಟುತ್ತಿತ್ತು. 1989ರಲ್ಲಿ ಅಮೆರಿಕದ ಮಿನ್ನೆಸೋಟಾದ ಒಂದು ಕುಸ್ತಿ ಶಿಬಿರದಲ್ಲಿ 175 ಹುಡುಗರಲ್ಲಿ 60 ಮಂದಿಗೆ ಟೈಪ್ 1 ಹರಡಿತು, ಹೆಚ್ಚಾಗಿ ತಲೆ, ಮುಖ, ಕತ್ತಿನ ಚರ್ಮಕ್ಕೆ. ಎಲ್ಲಿ ಉಜ್ಜಾಟವೋ ಅಲ್ಲಿ ಪ್ರವೇಶ. ಆದ್ದರಿಂದ ಕೈ ತೊಳೆಯಿರಿ, ಕಣ್ಣಿನ ವಿಷಯದಲ್ಲಂತೂ ಹುಷಾರು.

ಈಗ ಎರಡನೇ ಮಾತು, ಲಸಿಕೆಯ ಮಾತು. ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ತುಟಿಯಲ್ಲಿ ಟೈಪ್ 1 ಇದ್ದವರಿಗೆ ಮತ್ತೆ ಟೈಪ್ 1 ಜನನಾಂಗಕ್ಕೆ ಅಂಟುವುದು ಅಪರೂಪ, ಸಂಗಾತಿಯಿಂದಲೂ ಅಷ್ಟೇ, ತಮ್ಮಿಂದ ತಮಗೂ ಅಷ್ಟೇ. ಅದು ಹಳೇ ಪರಿಚಯದ ಫಲ. ಆದರೆ ಟೈಪ್ 2 ಬೇರೆ ವೈರಸ್. ಇವೆರಡೂ ಬೇರೆ ಎಂದು ಜರ್ಮನಿಯ ಶ್ನೆವೈಸ್ 1962ರಲ್ಲಿ ಪ್ರತಿಕಾಯಗಳ ವರ್ತನೆ ನೋಡಿಯೇ ವಿಂಗಡಿಸಿದ್ದು. ಒಡಹುಟ್ಟಿದವರಂತೆ ಹೋಲಿಕೆ ಬೇಕಾದಷ್ಟಿದೆ, ಆದ್ದರಿಂದ ಟೈಪ್ 1ರ ಪ್ರತಿಕಾಯಗಳು ಟೈಪ್ 2ನ್ನೂ ಅಷ್ಟಿಷ್ಟು ಹಿಡಿಯುತ್ತವೆ. ಅಷ್ಟಿಷ್ಟು ಮಾತ್ರ. ಸೋಂಕು ಬಾರದಂತೆ ತಡೆಯುವ ಬಲ ಅವಕ್ಕೆ ಹೆಚ್ಚಿಲ್ಲ. ಬಂದಾಗ ಮೊದಲ ಹೊಡೆತ ಮೆತ್ತಗಿರುತ್ತದೆ. ಜ್ವರ ಕಡಿಮೆ, ಹುಣ್ಣು ಕಡಿಮೆ, ಎಷ್ಟೋ ಸಲ ಏನೂ ಗೊತ್ತಾಗುವುದೇ ಇಲ್ಲ. ಗೊತ್ತಾಗದೆ ಇದ್ದವರು ಅದನ್ನು ಇನ್ನೊಬ್ಬರಿಗೆ ದಾಟಿಸುವುದೂ ಗೊತ್ತಾಗದೆಯೇ. ಹುಣ್ಣಿಲ್ಲದ ದಿನಗಳಲ್ಲೂ ಚರ್ಮದಿಂದ ವೈರಸ್ ಉದುರುತ್ತಿರುತ್ತದೆ.

ತಮಾಷೆ ಅಂದರೆ ತಿರುಗಿಸಿ ನೋಡಿದರೆ ಲೆಕ್ಕ ಬೇರೆ. ಮೊದಲೇ ಟೈಪ್ 2 ಇದ್ದವರಿಗೆ ಹೊಸದಾಗಿ ಟೈಪ್ 1 ಅಂಟುವುದು ಬಹಳ ಕಡಿಮೆ. ಲಸಿಕೆಯ ಪ್ರಯೋಗದಲ್ಲೂ ಇದೇ ವಾರೆ ಕಾಣಿಸಿತು. ಎರಡೂ ಟೈಪ್ ಇಲ್ಲದ 8,323 ಮಹಿಳೆಯರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಲಸಿಕೆಯಲ್ಲಿದ್ದದ್ದು ಟೈಪ್ 2ರ ಪ್ರೋಟೀನು. ಅದು ಟೈಪ್ 2ನ್ನು ತಡೆಯಲಿಲ್ಲ. ಟೈಪ್ 1ರಿಂದ ಬರುವ ಜನನಾಂಗದ ಕಾಯಿಲೆಯನ್ನು ಮಾತ್ರ 58%ರಷ್ಟು ಕಡಿಮೆ ಮಾಡಿತು! ಬೀಗ ಹಾಕಿದ್ದು ಒಂದು ಬಾಗಿಲಿಗೆ, ಮುಚ್ಚಿಕೊಂಡಿದ್ದು ಪಕ್ಕದ್ದು.

ಹಾಗಾಗಿ "ತುಟಿಗೆ ಬಂದಿದೆ, ಕೆಳಗೆ ಬರುತ್ತದಾ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಜಾಗದ ಬಗ್ಗೆ ಅಲ್ಲ, ಟೈಪ್ ಯಾವುದು, ಹಳೆಯದಾ ಹೊಸದಾ ಅಂತ. ರಕ್ತಪರೀಕ್ಷೆಗೂ ಜಾಗ ಗೊತ್ತಿಲ್ಲ. ಟೈಪ್ 1 ಪಾಸಿಟಿವ್ ಅಂದರೆ ಅದು ತುಟಿಯದ್ದೋ ಜನನಾಂಗದ್ದೋ ಅನ್ನುವುದನ್ನು ಆ ಚೀಟಿ ಹೇಳುವುದಿಲ್ಲ. ತುಟಿಯ ಗುಳ್ಳೆಯಿದ್ದಾಗ ಮುಖಮೈಥುನದಿಂದ ಸಂಗಾತಿಯ ಜನನಾಂಗಕ್ಕೆ ಟೈಪ್ 1 ದಾಟುವುದು ನಿಜವಾದ ಸಂಗತಿ. ಆ ಸಂಗಾತಿಗೆ ಚಿಕ್ಕಂದಿನಲ್ಲಿ ಅದು ತಾಗಿರದಿದ್ದರೆ ತಡೆಯಲು ಒಳಗೆ ಯಾರೂ ಇಲ್ಲ. ಶ್ರೀಮಂತ ದೇಶಗಳಲ್ಲಿ ಮಕ್ಕಳಿಗೆ ಟೈಪ್ 1 ತಾಗುವುದು ಕಡಿಮೆಯಾದಂತೆ ಯುವಕರ ಜನನಾಂಗದಲ್ಲಿ ಅದು ಜಾಸ್ತಿಯಾಗಿರುವುದು ಇದೇ ಕಾರಣಕ್ಕೆ. ಸಮಾಧಾನದ ಮಾತೂ ಒಂದಿದೆ. ಜನನಾಂಗದಲ್ಲಿ ಟೈಪ್ 1 ಅಷ್ಟಾಗಿ ಮರುಕಳಿಸುವುದಿಲ್ಲ. ಮೊದಲ ವರ್ಷ ಸುಮಾರು ಒಂದು ಸಲ, ಟೈಪ್ 2 ಆದರೆ ನಾಲ್ಕೈದು ಸಲ.

ಹಳೆಯದಾ ಹೊಸದಾ ಎನ್ನುವುದು ತೀರಾ ಮುಖ್ಯವಾಗುವುದು ಹೆರಿಗೆಯಲ್ಲಿ. ತಾಯಿಯ ಜನನಾಂಗದ ಹರ್ಪಿಸ್ ಹಳೆಯದಾದರೆ ಅವಳ ಪ್ರತಿಕಾಯಗಳು ಮಾಸಿನ ಮೂಲಕ ಮೊದಲೇ ಮಗುವಿಗೆ ಹೋಗಿರುತ್ತವೆ, ಮಗುವಿಗೆ ತಾಗುವ ಸಂಭವ 1%ಗಿಂತ ಕಡಿಮೆ. ಹೆರಿಗೆ ಹತ್ತಿರವಿದ್ದಾಗ ಹೊಸದಾಗಿ ಬಂದಿದ್ದರೆ 30ರಿಂದ 50%. ಹುಟ್ಟಿದ ಮಗುವಿಗೆ ಈ ವೈರಸ್ ಗುಳ್ಳೆಯಲ್ಲಿ ನಿಲ್ಲುವುದಿಲ್ಲ, ಮಿದುಳಿಗೂ ಯಕೃತ್ತಿಗೂ ಹೋಗಿ ಜೀವ ತೆಗೆಯಬಹುದು. ಹೆರಿಗೆಯಾದ ಮೇಲೆ ಬಂಧುಗಳ ತುಟಿಯಿಂದಲೂ ತಾಗಬಹುದು.

ತಂಗಿಗೆ ಮಗು ಹುಟ್ಟಿದಾಗ ನಾನು ನೋಡಲು ಹೋದದ್ದು ಹನ್ನೆರಡು ದಿನ ತಡವಾಗಿ. ಅಣ್ಣನಿಗೆ ಅಷ್ಟೂ ಪುರುಸೊತ್ತಿಲ್ಲವಾ ಎಂದು ಅವಳು ಫೋನಿನಲ್ಲಿ ಮುನಿಸಿಕೊಂಡಳು. ತುಟಿಯ ಎಡ ಮೂಲೆಯ ಫೋಟೋ ತೆಗೆದು ಕಳಿಸಿದೆ.