ಕೂಡಿಸೋದು ಅಂದ್ರೆ ಯಾವ ಕೂಡಿಸೋದು?

‘ಸರ್, ಎರಡು ಲಿಸ್ಟ್ ಕೂಡಿಸೋದು ಹೆಂಗ್ರಿ?’ ಹುಬ್ಬಳ್ಳಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನನಗೆ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಲಿಸ್ಟ್ ಅಂದರೆ ಅಂಕಿಯನ್ನೋ ಹೆಸರನ್ನೋ ಸಾಲಾಗಿ ಇಟ್ಟ ಪಟ್ಟಿ. ತೊಡಕು ನಮ್ಮ ಮಾತಿನಲ್ಲೇ ಇದೆ. ನಾವು ಲೆಕ್ಕವನ್ನೂ ಕೂಡಿಸುತ್ತೇವೆ, ಮಂದಿಯನ್ನೂ ಕೂಡಿಸುತ್ತೇವೆ. ಕಂಪ್ಯೂಟರಿಗೆ ಇವು ಬೇರೆ ಬೇರೆ ಕೆಲಸ.

ಬ್ಯಾಡಗಿ ಕಡೆಯ ಹುಡುಗನೊಬ್ಬ ಮೆಣಸಿನಕಾಯಿ ಚೀಲಗಳ ಲೆಕ್ಕ ಬರೆದಿದ್ದ. ಡಬ್ಬಿ, ಕಡ್ಡಿ, ಗುಂಟೂರು ಅಂತ ಮೂರು ಬಗೆ. ಬೆಳಿಗ್ಗೆ ಬಂದದ್ದು 12, 8, 20. ಮಧ್ಯಾಹ್ನ 5, 10, 3. ನಡುವೆ ಪ್ಲಸ್ ಹಾಕಿ, 17, 18, 23 ಬರುತ್ತದೆ ಅಂತ ಕಾದ. ಬಂದದ್ದು ಆರು ಅಂಕಿ: 12, 8, 20, 5, 10, 3. ಪೈಥಾನ್ ತಪ್ಪು ಮಾಡಿರಲಿಲ್ಲ. ಲಿಸ್ಟುಗಳ ನಡುವೆ ಪ್ಲಸ್ ಅಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವುದು, ಅಷ್ಟೆ. ಎಕ್ಸ್‌ಟೆಂಡ್ ಎಂಬ ಆಜ್ಞೆ ಕೂಡ ಅದನ್ನೇ ಮಾಡುತ್ತದೆ, ಆದರೆ ಮೊದಲ ಲಿಸ್ಟನ್ನೇ ಬದಲಿಸಿಬಿಡುತ್ತದೆ. ಅಪೆಂಡ್ ಎಂಬ ಇನ್ನೊಂದು ಆಜ್ಞೆ ಕೊಟ್ಟರೆ ಎರಡನೇ ಲಿಸ್ಟ್ ಬಿಚ್ಚದ ಗಂಟಿನ ಹಾಗೆ ನಾಲ್ಕನೇ ಜಾಗದಲ್ಲಿ ಕೂರುತ್ತದೆ.

ಅವನಿಗೆ ಬೇಕಿದ್ದದ್ದು ಜಿಪ್ ಎಂಬ ಆಜ್ಞೆ. ಡಬ್ಬಿಗೆ ಡಬ್ಬಿ, ಕಡ್ಡಿಗೆ ಕಡ್ಡಿ ಜೋಡಿ ಮಾಡಿಕೊಡುತ್ತದೆ. ಆ ಜೋಡಿಗಳನ್ನು ಒಂದೊಂದಾಗಿ ಕೂಡುವುದು ಫಾರ್ ಲೂಪಿನ ಕೆಲಸ, ಅಂದರೆ ಒಂದೇ ಕೆಲಸವನ್ನು ಸಾಲಿನ ಪ್ರತಿಯೊಂದಕ್ಕೂ ಮಾಡಿಸುವ ಆಜ್ಞೆಯದು.

ಜಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಕಲಿತ ಹೊಸತರಲ್ಲಿ ಒಂದು ಶಾಲೆಗೆ ಅಂಕಪಟ್ಟಿ ಮಾಡಿಕೊಟ್ಟಿದ್ದೆ. ಹೆಸರು 42, ಅಂಕ 41. ನಡುವಿನ ಒಬ್ಬ ಹುಡುಗಿ ಪರೀಕ್ಷೆಗೆ ಬಂದಿರಲಿಲ್ಲ. ಅವಳ ಜಾಗ ಖಾಲಿ ಬಿಡದೆ ನಾನು ಅಂಕ ಹಾಕಿಕೊಂಡು ಹೋಗಿದ್ದೆ. ಚಿಕ್ಕ ಲಿಸ್ಟ್ ಮುಗಿದ ಕಡೆ ಜಿಪ್ ಸುಮ್ನೆ ನಿಲ್ಲುತ್ತದೆ, ಎರರ್ ಕೊಡುವುದಿಲ್ಲ. ಗೈರಾದವಳಿಗೆ ಮುಂದಿನವನ ಅಂಕ ಬಿತ್ತು. ಅಲ್ಲಿಂದ ಎಲ್ಲರದೂ ಒಂದೊಂದು ಜಾಗ ಸರಿಯಿತು. ಕೊನೆಯ ಹುಡುಗನ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ‘ನಾನೂ ಪರೀಕ್ಷಾ ಬರದೀನ್ರಿ ಸರ್’ ಅಂದ ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಈಗ ಇದಕ್ಕೆ ದಾರಿ ಇದೆ. 2021ರಲ್ಲಿ ಬಂದ ಪೈಥಾನ್ 3.10ರಿಂದ, ಜಿಪ್ ಒಳಗೆ ‘ಸ್ಟ್ರಿಕ್ಟ್ ಈಕ್ವಲ್ ಟು ಟ್ರೂ’ ಅಂತ ಬರೆಯಬಹುದು. ಉದ್ದ ಸರಿಹೊಂದದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಜಿಪ್ ಲಾಂಗೆಸ್ಟ್ ಅಂತಲೂ ಒಂದಿದೆ, ಕಡಿಮೆ ಬಿದ್ದದ್ದನ್ನು ತುಂಬಿಕೊಡುತ್ತದೆ. ಆದರೆ ತುಂಬುವುದು ಕೊನೆಯಲ್ಲಿ ಮಾತ್ರ. ನಡುವಿನ ಹುಡುಗಿ ಬಂದಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಅಂಥ ಕಡೆ ಎರಡು ಲಿಸ್ಟ್ ಇಡುವುದನ್ನೇ ಬಿಡಿಸುತ್ತೇನೆ. ಪೈಥಾನಿನಲ್ಲಿ ಡಿಕ್ಷನರಿ ಅಂದರೆ ಒಂದೊಂದು ಗುರುತಿಗೂ ಅದರ ಮಾಹಿತಿಯನ್ನು ಜೋಡಿಸಿಡುವ ಪಟ್ಟಿ; ಅದರಲ್ಲಿ ರೋಲ್ ನಂಬರಿನ ಜೊತೆಗೇ ಅಂಕ ಬರೆಸುತ್ತೇನೆ. ಗುರುತಿಗೆ ಹೆಸರು ಬೇಡ, ಒಂದೇ ಹೆಸರಿನವರು ಇಬ್ಬರು ಇರಬಹುದು.