ಕ್ಲೀನ್ ವೋಕಲ್: ಡೆತ್‌ಕೋರ್‌ನಲ್ಲಿ ಹಾಡುವುದು ಅಂದರೆ ಏನು?

ಮೆಟಲ್ ಸಂಗೀತದ ಅಬ್ಬರದ ಕವಲಾದ ಡೆತ್‌ಕೋರ್‌ನ ಬ್ಯಾಂಡೊಂದು ಹೊಸ ಆಲ್ಬಂ ಬಿಡುತ್ತಿದೆ ಅಂದರೆ ಅಭಿಮಾನಿಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಈ ಸಲ ಕ್ಲೀನ್ ಇದೆಯಾ? ಕ್ಲೀನ್ ಅಂದರೆ ಕ್ಲೀನ್ ವೋಕಲ್. ಅರಚಾಟ, ಗುಡುಗಾಟ ಬಿಟ್ಟು, ಶ್ರುತಿ ಹಿಡಿದು, ಮಾಮೂಲಿ ಕಂಠದಲ್ಲಿ ಹಾಡುವುದು. ಬೇರೆ ಕಡೆ ಇದಕ್ಕೆ ಪ್ರತ್ಯೇಕ ಹೆಸರೇ ಬೇಕಿಲ್ಲ. ಹಾಡು ಅಂದಮೇಲೆ ಅದೇ ಅಲ್ವಾ? ಇಲ್ಲಿ ಮಾತ್ರ ಅರಚುವುದೇ ಮಾಮೂಲು, ಹಾಡಿದರೆ ಸುದ್ದಿ.

ಡೆತ್‌ಕೋರ್ ಹುಟ್ಟಿದ್ದು ಡೆತ್ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತು. 2000ರ ದಶಕದ ನಡುವಿನಲ್ಲಿ ಅಮೆರಿಕ, ಕೆನಡಾದ ಬ್ಯಾಂಡುಗಳು ಇದನ್ನು ಬೆಳೆಸಿದವು. ಆಗಿನ ಸೋಷಿಯಲ್ ಮೀಡಿಯಾ ತಾಣ ಮೈಸ್ಪೇಸ್ ಅದನ್ನು ಊರೂರಿಗೆ ಮುಟ್ಟಿಸಿತು. ಗ್ರೌಲ್ (ಗುಡುಗಿದಂಥ ಅರಚಾಟ) ಮತ್ತು ಬ್ಲಾಸ್ಟ್ ಬೀಟ್ (ಅತಿ ವೇಗದ ಡ್ರಮ್ ಬಡಿತ) ಬಂದದ್ದು ಡೆತ್ ಮೆಟಲ್‌ನಿಂದ. ಹಾರ್ಡ್‌ಕೋರ್ ಕೊಟ್ಟಿದ್ದು ಬ್ರೇಕ್‌ಡೌನ್: ಓಡುತ್ತಿದ್ದ ಹಾಡು ಇದ್ದಕ್ಕಿದ್ದ ಹಾಗೆ ನಿಧಾನವಾಗಿ, ಗಿಟಾರ್ ಡ್ರಮ್ ಎರಡೂ ಬಿಟ್ಟು ಬಿಟ್ಟು ಒಟ್ಟಿಗೆ ಬಡಿಯುವ ಜಾಗ. ಪ್ರೇಕ್ಷಕರು ಒಬ್ಬರ ಮೇಲೊಬ್ಬರು ಬೀಳುವುದೂ ಅಲ್ಲೇ.

ಗ್ರೌಲ್ ಅಂದರೆ ಸುಮ್ನೆ ಗಂಟಲು ಹರಿದುಕೊಳ್ಳುವುದಲ್ಲ. ನಾವು ಮಾತಾಡುವಾಗ ಕಂಪಿಸುವ ಧ್ವನಿ ತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಗಾಯಕರು ಅವನ್ನು ಫಾಲ್ಸ್ ಕಾರ್ಡ್ ಅನ್ನುತ್ತಾರೆ. ತಳದ ಗ್ರೌಲ್‌ನಲ್ಲಿ ಹೆಚ್ಚಿನ ಕೆಲಸ ಅವುಗಳದ್ದೇ. ಲೋರ್ನಾ ಶೋರ್ ಬ್ಯಾಂಡಿನ ವಿಲ್ ರಾಮೋಸ್ 2022ರಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿಕೊಂಡು ಅರಚಿದರು. ಒಳಗೆ ಆ ಮಡಿಕೆಗಳೆಲ್ಲ ಪಟಪಟ ಅದುರುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಊಟ ಮಾಡುತ್ತಾ ನೋಡಬೇಡಿ, ಅಷ್ಟೆ.

ಈ ದನಿಗೆ ನಿಖರವಾದ ಸ್ವರಸ್ಥಾನ ಇರುವುದಿಲ್ಲ. ಅದಕ್ಕೇ ಅದರಲ್ಲಿ ರಾಗ ಎಳೆಯಲು ಆಗದು. ಕ್ಲೀನ್‌ಗೆ ಬರಬೇಕಾದರೆ ಗಂಟಲಿನ ಹಿಡಿತ, ಉಸಿರಿನ ಒತ್ತಡ ಎರಡೂ ಬದಲಾಗಬೇಕು. ಸ್ಟುಡಿಯೋದಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಜೋಡಿಸಬಹುದು. ವೇದಿಕೆ ಮೇಲೆ ಒಂದೇ ಉಸಿರಿನ ಬಿಡುವಿನಲ್ಲಿ ಅದಾಗಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷದವರು ಅಬ್ಬರಿಸುತ್ತಾರೆ, ಹಾಡಲು ಭಾಗವತರಿದ್ದಾರೆ. ಡೆತ್‌ಕೋರ್‌ನ ಹತ್ತಿರದ ನಂಟಾದ ಮೆಟಲ್‌ಕೋರ್‌ನ ಎಷ್ಟೋ ಬ್ಯಾಂಡುಗಳಲ್ಲೂ ಹೀಗೇ ಕೆಲಸ ಹಂಚಿಕೆ: ಒಬ್ಬ ಅರಚುತ್ತಾನೆ, ಗಿಟಾರ್ ಹಿಡಿದ ಇನ್ನೊಬ್ಬ ಹಾಡುತ್ತಾನೆ. ಎರಡನ್ನೂ ಒಬ್ಬನೇ ಮಾಡುವುದು ಕಷ್ಟದ ದಾರಿ.

ಆ ದಾರಿ ಹಿಡಿದವರಲ್ಲಿ ನನಗೆ ಮೊದಲು ನೆನಪಾಗುವುದು ವೈಟ್‌ಚಾಪೆಲ್. ಟೆನೆಸ್ಸಿಯ ನಾಕ್ಸ್‌ವಿಲ್‌ನ ಬ್ಯಾಂಡ್, 2006ರಲ್ಲಿ ಶುರುವಾದದ್ದು. ಜಾಕ್ ದ ರಿಪ್ಪರ್ ಕೊಲೆಗಳು ನಡೆದ ಲಂಡನ್ನಿನ ಬಡಾವಣೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಮೂರು ಮೂರು ಗಿಟಾರ್. ಗಾಯಕ ಫಿಲ್ ಬೋಜ್‌ಮನ್ ಅವರ ಗ್ರೌಲ್ ಬರೀ ಆಳ ಅಲ್ಲ, ಸ್ಪಷ್ಟವೂ ಹೌದು. ಗ್ರೌಲ್‌ನಲ್ಲೂ ಪದಗಳು ಕಿವಿಗೆ ಬೀಳುತ್ತವೆ. 2016ರ ‘ಮಾರ್ಕ್ ಆಫ್ ದ ಬ್ಲೇಡ್’ ಆಲ್ಬಂನಲ್ಲಿ ಅವರು ಮೊದಲ ಸಲ ಕ್ಲೀನ್ ಹಾಡಿದರು. ಹಳೇ ಅಭಿಮಾನಿಗಳಲ್ಲಿ ಕೆಲವರು ಮುಖ ಸಿಂಡರಿಸಿದ್ದೂ ಆಯಿತು.

ನಿಜವಾಗಿ ಕೂಡಿ ಬಂದದ್ದು 2019ರ ‘ದ ವ್ಯಾಲಿ’ಯಲ್ಲಿ. ಬೋಜ್‌ಮನ್ ಬೆಳೆದ ಹಾರ್ಡಿನ್ ವ್ಯಾಲಿ ಎಂಬ ಊರಿನ ಹೆಸರೇ ಆಲ್ಬಂಗೆ. ಬಾಲ್ಯದ ನೋವು, ತಾಯಿಯ ಮಾನಸಿಕ ಕಾಯಿಲೆ ಅದರ ವಸ್ತು. ಮೊದಲ ಹಾಡು ಗುಡುಗುತ್ತಾ ಸಾಗಿ, ನಡುವೆ ದಿಢೀರ್ ಎಂದು ಇಳಿದು ಮೆಲ್ಲಗೆ ಹಾಡಿಗೆ ತಿರುಗುತ್ತದೆ. ನಾಲ್ಕನೆಯದು ‘ಹಿಕರಿ ಕ್ರೀಕ್’. ಅದರಲ್ಲಿ ಗ್ರೌಲ್ ಇಲ್ಲವೇ ಇಲ್ಲ, ಪೂರ್ತಿ ಕ್ಲೀನ್. ಸಿಟ್ಟು ಬಂದಾಗ ಗ್ರೌಲ್, ಕಳಕೊಂಡವರ ನೆನಪು ಬಂದಾಗ ಬರಿಯ ಕಂಠ. ದನಿ ಬದಲಾಗಲು ಕಥೆಯಲ್ಲೇ ಕಾರಣವಿದೆ. ರೇಡಿಯೋಗೆ ಹಿಡಿಸಲಿ ಎಂದು ಕೋರಸ್‌ಗೆ ಒಂದು ಸಿಹಿ ಟ್ಯೂನ್ ಅಂಟಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. 2021ರ ‘ಕಿನ್’ನಲ್ಲಿ ಕ್ಲೀನ್ ಇನ್ನೂ ಜಾಸ್ತಿಯಾಯಿತು.

ಎಲ್ಲರಿಗೂ ಇದು ದಕ್ಕಿಲ್ಲ. ಕ್ಯಾಲಿಫೋರ್ನಿಯಾದ ಸೂಸೈಡ್ ಸೈಲೆನ್ಸ್ 2017ರಲ್ಲಿ ಬ್ಯಾಂಡಿನ ಹೆಸರಿನದೇ ಆಲ್ಬಂ ತಂದು ಕ್ಲೀನ್ ಹಾಡಿದಾಗ ಅಭಿಮಾನಿಗಳು ರೇಗಿಬಿಟ್ಟರು. ಬಿಡುಗಡೆಯನ್ನೇ ನಿಲ್ಲಿಸಿ ಎಂದು ಆನ್‌ಲೈನ್ ಮನವಿ ಕೂಡ ಹಾಕಿದರು. ಅದು ಅತಿಯಾಯಿತು ನಿಜ. ಆದರೆ ಆ ಹಾಡುಗಳಲ್ಲಿ ಕ್ಲೀನ್ ಯಾಕೆ ಬಂತು ಅನ್ನುವುದು ನನಗೂ ತಿಳಿಯಲಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ರಾಗ ಇದ್ದಲ್ಲೆಲ್ಲ ಕ್ಲೀನ್ ಇರಬೇಕೆಂದಿಲ್ಲ. ಲೋರ್ನಾ ಶೋರ್‌ನ ‘ಪೇನ್ ರಿಮೇನ್ಸ್’ ಕೇಳಿದರೆ ಗಿಟಾರ್ ಮತ್ತು ಆರ್ಕೆಸ್ಟ್ರಾದ ತುಂಬ ರಾಗವೇ ರಾಗ. ಅದರ ಮೇಲೆ ರಾಮೋಸ್ ಅರಚುತ್ತಲೇ ಇರುತ್ತಾರೆ. ಅದು ಮೆಲೋಡಿಕ್ ಹೌದು, ಕ್ಲೀನ್ ಅಲ್ಲ.

ವೈಟ್‌ಚಾಪೆಲ್ 2025ರ ‘ಹಿಮ್ಸ್ ಇನ್ ಡಿಸೊನೆನ್ಸ್’ನಲ್ಲಿ ಮತ್ತೆ ಹಳೇ ಗುಡುಗಿಗೇ ಮರಳಿದೆ. ಹೊಸದಾಗಿ ಕೇಳುವವರು ‘ದ ವ್ಯಾಲಿ’ಯ ಮೊದಲ ನಾಲ್ಕು ಹಾಡುಗಳನ್ನು ಒಂದೂ ಬಿಡದೆ ವರಸೆಯಾಗಿ ಕೇಳಿ. ‘ಹಿಕರಿ ಕ್ರೀಕ್’ ಒಂದನ್ನೇ ಕೇಳಿದರೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಹೆಡ್‌ಫೋನ್ ಹಾಕಿಕೊಂಡಿದ್ದರೆ ಮೊದಲ ಹಾಡಿಗೆ ವಾಲ್ಯೂಮ್ ಸ್ವಲ್ಪ ಕಮ್ಮಿ ಇಟ್ಟಿರಿ.