ಪದ ಪರಿಚಯ: ಸ್ಕ್ರಿಪ್ಟ್ ಮೂಲಕ ಯುವಿ ಮ್ಯಾಪಿಂಗ್

ಮೂರು ಆಯಾಮದ ಮಾದರಿಯ ಮೇಲ್ಮೈಯಲ್ಲಿರುವ ಯಾವ ಬಿಂದುವಿಗೆ ಚಪ್ಪಟೆ ಚಿತ್ರದ ಯಾವ ಬಿಂದು ಸೇರಬೇಕೆಂದು ಗೊತ್ತುಪಡಿಸುವ ಕ್ರಮಕ್ಕೆ ಯುವಿ ಮ್ಯಾಪಿಂಗ್ ಎನ್ನುತ್ತಾರೆ. ಎಕ್ಸ್, ವೈ, ಝಡ್ ಅಕ್ಷರಗಳು ಮಾದರಿಯ ಸ್ಥಾನವನ್ನು ಹೇಳಲು ಬಳಕೆಯಾಗುವುದರಿಂದ ಚಿತ್ರದ ಅಗಲಕ್ಕೆ ಯು, ಎತ್ತರಕ್ಕೆ ವಿ ಎಂದು ಹೆಸರಿಟ್ಟಿದ್ದು, ಎರಡೂ ಸಾಮಾನ್ಯವಾಗಿ 0ಯಿಂದ 1ರವರೆಗೆ ಹರಡಿರುತ್ತವೆ. ಕಂಪ್ಯೂಟರ್ ಚಿತ್ರಣದಲ್ಲಿ ಮೇಲ್ಮೈಗೆ ಚಿತ್ರ ಹೊದಿಸುವ ವಿಧಾನವನ್ನು ಎಡ್ವಿನ್ ಕ್ಯಾಟ್ಮಲ್ ಅವರು 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದರು.

ಚಿಕ್ಕಬಳ್ಳಾಪುರದ ಬಳಿ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಕಲ್ಯಾಣ ಮಂಟಪವನ್ನು ಹೊತ್ತ ಕಪ್ಪುಶಿಲೆಯ ಕಂಬಗಳಲ್ಲಿ ಒಂದನ್ನು ಮಾದರಿಯಾಗಿ ಮಾಡಬೇಕಾಗಿದೆ ಎಂದುಕೊಳ್ಳೋಣ. ಮೈತುಂಬ ಕೆತ್ತನೆಯಿರುವ ಆ ಕಲ್ಲಿಗೆ ಚೌಕಾಕಾರದ ಚಿತ್ರವೊಂದನ್ನು ಸುಮ್ಮನೆ ಸುತ್ತಿದರೆ ಸಾಲದು. ಗೋಳದಂತೆ ಎರಡು ದಿಕ್ಕಿಗೂ ಬಾಗಿದ ಮೈಯನ್ನು ಅಳತೆ ಕೆಡದಂತೆ ಚಪ್ಪಟೆ ಮಾಡಲಾಗದು ಎಂದು ಗಣಿತಜ್ಞ ಗಾಸ್ 1827ರಲ್ಲಿಯೇ ಸಾಧಿಸಿ ತೋರಿಸಿದ್ದಾರೆ. ಆದ್ದರಿಂದ ಮೈಯನ್ನು ಕೆಲವು ಗೆರೆಗಳಲ್ಲಿ ಕತ್ತರಿಸಿ ಬಿಡಿಸಬೇಕಾಗುತ್ತದೆ. ಈ ಗೆರೆಗೆ ಸೀಮ್ ಎಂದೂ, ಬಿಡಿಸಿದ ತುಂಡಿಗೆ ಐಲ್ಯಾಂಡ್ ಎಂದೂ ಹೆಸರು. ಸೀಮ್ ಎಲ್ಲಿ ಬರಬೇಕು ಎಂಬ ತೀರ್ಮಾನವೇ ಇಡೀ ಕೆಲಸದ ಜೀವಾಳ, ಮತ್ತು ಅದು ಕಣ್ಣಿಗೆ ಬೀಳದ ಮಗ್ಗುಲನ್ನು ಬಲ್ಲ ಮನುಷ್ಯನದೇ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ತೀರ್ಮಾನವನ್ನು ತಪ್ಪದೆ ಪಾಲಿಸುವುದು ಸ್ಕ್ರಿಪ್ಟಿನ, ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಆಜ್ಞೆಗಳ ಸರಣಿಯ, ಪಾಲಿನ ಕೆಲಸ. ಮೂರು ಆಯಾಮದ ಮಾದರಿ ತಯಾರಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಇದನ್ನು ಪೈಥಾನ್ ಭಾಷೆಯಲ್ಲಿ ಬರೆಯುತ್ತಾರೆ. ಕೆತ್ತನೆಯಿಲ್ಲದ ದುಂಡು ಕಂಬವಾದರೆ ಲೆಕ್ಕ ಸರಳ: ಅಕ್ಷದ ಸುತ್ತಲಿನ ಕೋನವನ್ನು ಡಿಗ್ರಿಯಲ್ಲಿ ಅಳೆದು 360ರಿಂದ ಭಾಗಿಸಿದರೆ ಯು, ಬಿಂದುವಿನ ಎತ್ತರವನ್ನು ಕಂಬದ ಎತ್ತರದಿಂದ ಭಾಗಿಸಿದರೆ ವಿ. ಆದರೆ ದುಂಡು ಮೈಯನ್ನು 32 ಚಪ್ಪಟೆ ಮುಖಗಳಿಂದ ಕಟ್ಟಿದ ಕಂಬದಲ್ಲಿ ಕೊನೆಯ ಮುಖದ ಒಂದು ಅಂಚಿಗೆ ಸುಮಾರು 0.97, ಇನ್ನೊಂದು ಅಂಚಿಗೆ 0 ಬಂದು, ಹೆಚ್ಚುಕಡಿಮೆ ಇಡೀ ಚಿತ್ರವೇ ತಿರುಗುಮುರುಗಾಗಿ ಆ ಒಂದೇ ಪಟ್ಟಿಯೊಳಗೆ ಇಕ್ಕಟ್ಟಾಗಿ ತುಂಬಿಕೊಳ್ಳುತ್ತದೆ. ಒಂದೇ ಮುಖದೊಳಗೆ ಯು ಬೆಲೆಗಳ ಅಂತರ ಅರ್ಧಕ್ಕಿಂತ ಹೆಚ್ಚಿದ್ದರೆ ಚಿಕ್ಕ ಬೆಲೆಗೆ 1 ಕೂಡಿಸುವಂತೆ ಬರೆದರೆ ದೋಷ ನೀಗುತ್ತದೆ. ಬ್ಲೆಂಡರ್ ಯುವಿ ಬೆಲೆಯನ್ನು ಬಿಂದುವಿಗೆ ಒಂದರಂತೆ ಇಡದೆ, ಆ ಬಿಂದು ಸೇರಿರುವ ಪ್ರತಿ ಮುಖದ ಮೂಲೆಗೂ ಬೇರೆಬೇರೆಯಾಗಿ ಇಡುವುದರಿಂದಲೇ ಈ ಪರಿಹಾರ ಸಾಧ್ಯವಾಗಿದೆ.

ಕೆತ್ತನೆಯ ಭಾಗಕ್ಕೆ ಈ ಸೂತ್ರ ಹೊಂದದು. ಅಲ್ಲಿ ಮುಖಗಳ ನಡುವಣ ಕೋನ ನೋಡಿ ತಾನೇ ಕತ್ತರಿಸುವ ಸ್ಮಾರ್ಟ್ ಯುವಿ ಪ್ರಾಜೆಕ್ಟ್ ಎಂಬ ಆಜ್ಞೆಯಿದ್ದು, ಅದರ ವಾಡಿಕೆಯ ಮಿತಿ 66 ಡಿಗ್ರಿ. ಈಗಿನ ಆವೃತ್ತಿಗಳಲ್ಲಿ ಸ್ಕ್ರಿಪ್ಟಿನಿಂದ ಕರೆಯುವಾಗ ಇದನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ, ಅಂದರೆ ಸುಮಾರು 1.15 ಎಂದು ಕೊಡಬೇಕು. ಈ ಆಜ್ಞೆ ಮೈಯನ್ನು ನೂರಾರು ಚೂರು ಮಾಡಿಬಿಡುವುದರಿಂದ ಕೈಯಿಂದ ಬಣ್ಣ ತುಂಬುವವರಿಗೆ ಒಗ್ಗದು. ಫೋಟೊಗಳಿಂದ ಬಣ್ಣವನ್ನು ನೇರವಾಗಿ ಇಳಿಸುವವರಿಗೆ ಸಾಕು.

ಕೋಲಾರದ ಸೋಮೇಶ್ವರ ದೇವಾಲಯದಲ್ಲಿರುವಂತಹ ಕಂಬಗಳ ಸಾಲು ಎದುರಾದಾಗ ಸ್ಕ್ರಿಪ್ಟಿನ ನಿಜವಾದ ಬೆಲೆ ತಿಳಿಯುತ್ತದೆ. ಪಕ್ಕಪಕ್ಕದ ಎರಡು ಕಂಬಗಳಲ್ಲಿ ಒಂದು ಸ್ಪಷ್ಟವಾಗಿ, ಇನ್ನೊಂದು ಮಬ್ಬಾಗಿ ಕಾಣಬಾರದಾದರೆ ಒಂದು ಮೀಟರ್ ಕಲ್ಲಿಗೆ ದಕ್ಕುವ ಪಿಕ್ಸೆಲ್‌ಗಳು ಎಲ್ಲೆಡೆಯೂ ಸಮನಾಗಿರಬೇಕು. 4096 ಪಿಕ್ಸೆಲ್ ಬದಿಯ ಚೌಕಚಿತ್ರದ ಹದಿನಾರನೆಯ ಒಂದು ಭಾಗವನ್ನು ಒಂದು ಚದರ ಮೀಟರ್ ಮೈ ಆಕ್ರಮಿಸಿದ್ದರೆ ಆ ಸಾಂದ್ರತೆ ಮೀಟರಿಗೆ 1024 ಪಿಕ್ಸೆಲ್. ಪ್ರತಿ ಐಲ್ಯಾಂಡಿನ ನಿಜವಾದ ವಿಸ್ತೀರ್ಣವನ್ನೂ ಯುವಿ ವಿಸ್ತೀರ್ಣವನ್ನೂ ಹೋಲಿಸಿ, ಎಲ್ಲವನ್ನೂ ಇದೇ ಸಂಖ್ಯೆಗೆ ಹಿಗ್ಗಿಸುವ ಅಥವಾ ಕುಗ್ಗಿಸುವ ಕೆಲಸವನ್ನು ಕೈಯಿಂದ ಮಾಡುತ್ತ ಕೂರುವುದು ಸಲ್ಲದು.

ಸ್ಕ್ರಿಪ್ಟ್ ಓಡಿದ ಬಳಿಕ ಅಕ್ಷರಗಳಿರುವ ಚೌಕಳಿ ಚಿತ್ರವನ್ನು ಹೊದಿಸಿ ನೋಡಬೇಕು. ಚೌಕ ಉದ್ದವಾದಲ್ಲಿ ಮೈ ಎಳೆದಿದೆ, ಗಾತ್ರ ಬದಲಾದಲ್ಲಿ ಸಾಂದ್ರತೆ ತಪ್ಪಿದೆ. ಅಕ್ಷರ ತಿರುವುಮುರುವಾಗಿದ್ದರೆ ಆ ತುಂಡು ಕನ್ನಡಿಯ ಬಿಂಬದಂತೆ ಮಗುಚಿಕೊಂಡಿದ್ದು, ಅಲ್ಲಿ ಶಾಸನವೇನಾದರೂ ಇದ್ದರೆ ಅದನ್ನು ಓದಲಾಗುವುದಿಲ್ಲ.